ವಾಲಿಯನ್ನು ಕಂಡ ಮಾರಿಯಪ್ಪ

ಸೇಲಂ ಜಂಕ್ಷನ್ನಿನ ಕಾರ್ ಸ್ಟ್ಯಾಂಡಿನಲ್ಲಿ ಹನ್ನೊಂದು ಮಂದಿ ಸಾರಥಿಗಳಿದ್ದರು. ಹತ್ತು ಮಂದಿ ದಾರಿಯನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. ಮಾರಿಯಪ್ಪನೊಬ್ಬನೇ ಮೂಗಿನಲ್ಲೂ ಕಿವಿಯಲ್ಲೂ ನೋಡುತ್ತಿದ್ದ. ಮರಗೆಣಸಿನ ಹಾಲು ಹುಳಿಯುವ ನಾತ ಬಂದರೆ ಸಾಬಕ್ಕಿ ಫ್ಯಾಕ್ಟರಿ. ಬೆಳ್ಳಿ ಕರಗಿಸುವ ಘಾಟು ಬಂದರೆ ಶೆವ್ವಾಪೇಟೆ. ಮಗ್ಗದ ಟಕಟಕ ಶುರುವಾದರೆ ಇಳಂಪಿಳ್ಳೈ, ಇನ್ನು ತಾರಮಂಗಲಂ ದೂರವಿಲ್ಲ. ಸೇಲಂನಲ್ಲಿ ನೆಲೆಸಿದ ನನ್ನನ್ನು ನೋಡಲು ಬಂದು ಹಿಂದಿನ ಸೀಟಿನಲ್ಲಿ ಕೂತ ನಮ್ಮ ಮೈಸೂರಿನ ನೆಂಟರು ಇದನ್ನು ಕೇಳಿ, ಆಹಾ, ಎಂಥ ಅನುಭವ ಎಂದು ತಲೆದೂಗುತ್ತಿದ್ದರು. ಅದು ಅನುಭವವಲ್ಲ, ಗತ್ಯಂತರವಿಲ್ಲದ್ದು ಎಂದು ಗೊತ್ತಿದ್ದವರು ಈ ಭೂಮಂಡಲದಲ್ಲಿ ಇಬ್ಬರೇ: ಅವನು ಮತ್ತು ನಾನು.

ಮಾರಿಯಪ್ಪ ಪೆನ್ನಾಗರಂ ಕಡೆಯ ಒಂದು ಹಟ್ಟಿಯವನು. ಹದಿನಾರು ವರ್ಷ ಆಡುಗಳ ಚಕ್ರವರ್ತಿಯಾಗಿ ಕಾಡು ಆಳಿದ. ಆಮೇಲೆ ಲಾರಿ ಕ್ಲೀನರ್ ಆಗಿ ಸೇಲಂಗೆ ದಂಡೆತ್ತಿ ಬಂದ. ಮೂವತ್ತೊಂದು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದಾನೆ. ಕೊನೆಯ ಹತ್ತು ವರ್ಷ ಸ್ವಂತ ಬಿಳಿ ಕಾರು. ಅದಕ್ಕೆ ಪುಷ್ಪಕ ಎಂದು ಹೆಸರಿಟ್ಟವನು ನಾನು. ಡ್ರೈವರ್ ಕನ್ನಡ ಮಾತಾಡುತ್ತಾನೆ ಎಂಬ ಒಂದೇ ಕಾರಣಕ್ಕೆ ನಮ್ಮ ಕುಲದ ಅತ್ತೆ, ಸೋದರತ್ತೆ, ಷಡ್ಡಕ, ಬೀಗರೆಲ್ಲ ಪುಷ್ಪಕವೇರಿ ಏರ್ಕಾಡು, ಹೊಗೇನಕಲ್ಲು ದಿಗ್ವಿಜಯ ಮಾಡಿಕೊಂಡು ಹೋಗಿದ್ದಾರೆ.

ಹೋದ ಆಷಾಢದಲ್ಲಿ, ಇಲ್ಲಿಯವರ ಆಡಿ ತಿಂಗಳಲ್ಲಿ, ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನೂ ನಾನೇ. ಕಣ್ಣಿನೊಳಗೆ ನೀರಿನ ಒತ್ತಡ ಏರಿ ನರ ಒಣಗಿದೆ ಎಂದರು. ಬಲಗಣ್ಣು ಹೋಯಿತು, ಎಡಗಣ್ಣೂ ಅದೇ ದಾರಿ ಹಿಡಿದಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಇನ್ನು ಗಾಡಿ ಮುಟ್ಟಬಾರದು. ಇಷ್ಟು ಹೇಳಲು ಅವರಿಗೆ ಎರಡು ನಿಮಿಷ ಹಿಡಿಯಿತು.

ಹೊರಗೆ ಬೇವಿನ ಮರದ ಕೆಳಗೆ ಮಾರಿಯಪ್ಪ ನನ್ನ ತೋಳು ಹಿಡಿದ.

“ಸಾಮಿ, ಎಡಗಣ್ಣು ಚೆನ್ನಾಗೈತೆ. ತೈ ತಿಂಗ್ಳಾಗೆ, ಸಂಕ್ರಾಂತಿ ಕಳೆದ್ಮೇಲೆ, ಲೈಸೆನ್ಸ್ ರಿನ್ಯೂವಲ್ ಬತ್ತದೆ. ಆಗ ಅವ್ರೇ ಕಿತ್ಕೊಳ್ಳಲಿ. ಅಲ್ಲೀಗಂಟ ಯಾರ್ಗೂ ಏಳ್ಬೇಡಿ.”

“ಓಡಿಸದೇ ಇದ್ರೆ ಏನಾಗತ್ತೆ ಮಾರಿಯಪ್ಪ?”

“ಏನೂ ಆಗಾಕಿಲ್ಲ. ಮನೇಲಿ ಕುಂತ್ಕೋಬೇಕು. ನನ್ನೆಂಡ್ತಿ ಮುನಿಲಕ್ಷ್ಮಿ ಕುಂತ್ಕೊಂಡು ಟೀವಿ ಪಾಕ್ತಾಳೆ. ನಾನು ಕುಂತ್ಕೊಂಡು ಏನ್ ನೋಡ್ಲಿ?”

ಬುದ್ಧಿಯಿರುವ ಯಾರೇ ಆಗಲಿ ಅಲ್ಲೇ ಕೀಲಿ ಕಸಿದುಕೊಳ್ಳುತ್ತಿದ್ದರು. ನಾನು ಅವನ ಮಹಾಮಂತ್ರಿಯಾದೆ. ನೆಂಟರು ಬಂದಾಗಲೆಲ್ಲ ಮುಂದಿನ ಸೀಟಿನಲ್ಲಿ ಕೂರುವುದು, ಕೆಮ್ಮುವುದು. ಒಂದು ಕೆಮ್ಮಿಗೆ ರಸ್ತೆಯುಬ್ಬು. ಎರಡಕ್ಕೆ ಬಲಗಡೆಯಿಂದ ನುಗ್ಗುವ ಬಸ್ಸು. ಮೂರಕ್ಕೆ ಜೀವವಿರುವ ಯಾವುದೇ ಪದಾರ್ಥ, ಎಮ್ಮೆಯಾಗಲಿ ಮನುಷ್ಯರಾಗಲಿ. ನಾಲ್ಕು ತಿಂಗಳು ಈ ರಾಜ್ಯಭಾರ ನಡೆಯಿತು. ಪುಷ್ಪಕದ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಅದೇ ನಮಗೆ ಅಹಂಕಾರ ಹತ್ತಿಸಿತು.

ಕಾರ್ತಿಕದಲ್ಲಿ ನನ್ನ ಚಿಕ್ಕಪ್ಪನ ಮಗಳು ಭಾಮಾ ಮೈಸೂರಿನಿಂದ ಬಂದಳು, ಜೊತೆಗೆ ಒಂಬತ್ತು ವರ್ಷದ ಮಗಳು ಪ್ರಣತಿ. ಊರು ತೋರಿಸಬೇಕು, ತಾರಮಂಗಲದ ಕೈಲಾಸನಾಥನ ಗುಡಿ ತೋರಿಸಬೇಕು. ಮಾರಿಯಪ್ಪ ಬೆಳಿಗ್ಗೆ ಎಂಟಕ್ಕೇ ಬಂದ. ಒಗೆದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ನಾಲ್ಕು ಟಯರಿನ ಕೆಳಗೂ ತಡಕಿ ತಡಕಿ ನಿಂಬೆಹಣ್ಣಿಟ್ಟ. ಪ್ರಣತಿ ನಿಂಬೆಹಣ್ಣು ಚಪ್ಪಟೆಯಾಗುವುದನ್ನು ನೋಡಿ ಚಪ್ಪಾಳೆ ತಟ್ಟಿದಳು.

ನಾನು ಕೆಮ್ಮಲು ಶುರುಮಾಡಿದೆ.

“ಸೇತಣ್ಣ, ಇದೇನೋ ನಿನ್ನ ಕೆಮ್ಮು?” ಶೆವ್ವಾಪೇಟೆ ದಾಟುವಷ್ಟರಲ್ಲಿ ಭಾಮಾ ಕೇಳಿದಳು.

“ಧೂಳಮ್ಮ.”

“ಕಿಟಕಿ ಮುಚ್ಚಿದ್ಯಲ್ಲೋ!”

“ಸಾಮಿಗೆ ಸೀತಾಳ ಮೈ ಅಮ್ಮಾ,” ಎಂದ ಮಾರಿಯಪ್ಪ, ಗಂಭೀರವಾಗಿ. “ಎಮ್ಮೆ ಕಂಡ್ರೆ ಇನ್ನೂ ಜಾಸ್ತಿ ಆಯ್ತದೆ.”

ಅವಳು ಚೀಲದಿಂದ ಶುಂಠಿ ಮಿಠಾಯಿ ತೆಗೆದು ನನ್ನ ಬಾಯಿಗೆ ತುರುಕಿದಳು. ಅದು ಗಂಟಲಿಗೆ ಸಿಕ್ಕಿಕೊಂಡು ನಾನು ಐದು ಸಲ ಕೆಮ್ಮಿದೆ. ಸಂಹಿತೆಯಲ್ಲಿ ಐದಕ್ಕೆ ಅರ್ಥವಿಲ್ಲದ್ದರಿಂದ ಮಾರಿಯಪ್ಪ ಗಾಡಿಯನ್ನೇ ನಿಲ್ಲಿಸಿಬಿಟ್ಟ. ಹಿಂದಿನ ಲಾರಿಯವನು ತಮಿಳಿನಲ್ಲಿ ನಮ್ಮ ಮೂರು ತಲೆಮಾರನ್ನು ಸ್ಮರಿಸಿ ಮುಂದೆ ಹೋದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅಂದರೆ, ನಾನು ನೋಡಿದೆ.

ಗುಡಿಯಲ್ಲಿ ಅವನೇ ಮಾರ್ಗದರ್ಶಿ. ಕಲ್ಲಿನ ಸಿಂಹದ ಬಾಯಿಗೆ ಬೆರಳು ಹಾಕಿ ಒಳಗಿನ ಕಲ್ಲುಗುಂಡನ್ನು ಉರುಳಿಸಿ ತೋರಿಸಿದ. ಪ್ರಣತಿಗೆ ಪರಮಾನಂದ. ಆಮೇಲೆ ಅವನ ಪ್ರಸಿದ್ಧ ಪ್ರಯೋಗ. ಬಿಲ್ಲು ಹಿಡಿದ ರಾಮನ ಕಂಬದ ಹತ್ತಿರ ಅವಳನ್ನು ನಿಲ್ಲಿಸಿದ.

“ಇಲ್ಲಿಂದ ಪಾರು ಪಾಪಾ, ನೋಡು. ರಾಮ ಅವಿತ್ಕೊಂಡವ್ನೆ. ಅವ್ನ ತಾವ ನಿಂತ್ರೆ ಆ ಕಂಬದಾಗೆ ವಾಲಿ ಕಾಣ್ತಾನೆ. ವಾಲಿ ತಾವ ಓಗಿ ನಿಂತ್ರೆ ರಾಮ ಕಾಣಾಕಿಲ್ಲ. ಕಾಣ್ತದಾ ವಾಲಿ?”

“ಇಲ್ಲ.”

“ಸರಿಯಾಗಿ ಪಾರು. ಕೈ ಎತ್ತವ್ನೆ, ತಮ್ಮನ್ ಮೇಲೆ ಬೀಳಾಕ್ ಓಗ್ತಾವ್ನೆ. ಬಿಸ್ಲು ಎಗಲ್ ಮೇಲೆ ಬಿದ್ದು ಎಂಗ್ ಮಿಂಚ್ತಾ ಐತೆ!”

“ಡ್ರೈವರ್ ಅಂಕಲ್, ಅಲ್ಲಿ ಗೋಣಿಚೀಲ ಇದೆ.”

ಕಂಬ ತೊಳೆಯುವ ಕೆಲಸ ನಡೆದಿತ್ತು. ಆ ಕಂಬಕ್ಕೆ ಬುಡದಿಂದ ತುದಿಯವರೆಗೆ ಗೋಣಿ ಸುತ್ತಿ ಹಗ್ಗ ಬಿಗಿದಿದ್ದರು. ನಾನೂ ಅದನ್ನು ಆಗಲೇ ನೋಡಿದ್ದು. ನಮ್ಮ ಸಂಹಿತೆಯಲ್ಲಿ ಗೋಣಿಚೀಲಕ್ಕೆ ಕೆಮ್ಮಿರಲಿಲ್ಲ.

ಮಾರಿಯಪ್ಪ ಕೈ ಮುಂದೆ ಚಾಚಿಕೊಂಡು ನಡೆದ. ಗೋಣಿ ಸಿಕ್ಕಿತು. ಒತ್ತಿ ನೋಡಿದ. ಹಗ್ಗದ ಗಂಟಿನ ಮೇಲೆ ಬೆರಳಾಡಿಸಿದ. ಪಕ್ಕದಲ್ಲಿ ಕೂತಿದ್ದ ಕೆಲಸದವನನ್ನು ತಮಿಳಿನಲ್ಲಿ ಏನೋ ಕೇಳಿದ. ಕಟ್ಟಿ ಒಂದು ವಾರವಾಯಿತು ಎಂದನವನು.

“ಸಾಮಿ,” ಎಂದ ಮಾರಿಯಪ್ಪ. ಮುಖ ನನ್ನ ಕಡೆಗಿರಲಿಲ್ಲ, ನಾನಿದ್ದೇನೆಂದು ಅವನು ಅಂದುಕೊಂಡ ಕಡೆಗಿತ್ತು. “ನಾನು ಸುಳ್ಳೇಳ್ಲಿಲ್ಲ. ನಂಗೆ ವಾಲಿ ಕಾಣ್ತಾ ಇದ್ದ. ಕೈಬೆರಳು ಸೈತ ಕಾಣ್ತಾ ಇತ್ತು.”

“ಆಯ್ತು ಮಾರಿಯಪ್ಪ, ಬಾ ಈ ಕಡೆ.”

“ಅಂಗಾರೆ ಬೆಳಗ್ಗೆಯಿಂದ ನಾನ್ ನೋಡಿದ ರೋಡು?”

ಹೋಗಿದ್ದು ಬಲಗಣ್ಣು ಮಾತ್ರ ಎಂದು ಇಬ್ಬರೂ ನಂಬಿದ್ದೆವು. ಎಡಗಣ್ಣು ಯಾವ ತಿಂಗಳು ಹೇಳದೆ ಕೇಳದೆ ಹೋಯಿತೋ, ಎಷ್ಟು ದಿನದಿಂದ ಅವನು ಮೂವತ್ತೊಂದು ವರ್ಷದ ನೆನಪನ್ನೇ ರಸ್ತೆಯೆಂದು ನೋಡುತ್ತ ಓಡಿಸುತ್ತಿದ್ದನೋ.

ಭಾಮಾ ದಡ್ಡಿಯಲ್ಲ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಧೂಳು ಅಂದ್ಯಲ್ಲೋ,” ಎಂದಳು. “ಮಗೂನ ಕೂರಿಸಿಕೊಂಡು ಬಂದ್ಯಲ್ಲೋ ಸೇತಣ್ಣ.”



ಅವಳು ಮಾರಿಯಪ್ಪನ ಮುಂದೆ ಕೈ ಚಾಚಿದಳು. “ಕೀಲಿ ಕೊಡಿ. ನಾನು ಓಡಿಸ್ತೀನಿ.”

ಅವನಿಗೆ ಕೈ ಕಾಣಲಿಲ್ಲ. ಅವಳೇ ಅವನ ಅಂಗೈ ಬಿಡಿಸಿ ತೆಗೆದುಕೊಳ್ಳಬೇಕಾಯಿತು. ಅವನು ಬಿಗಿಹಿಡಿಯಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

ಕಾರಿನ ಹತ್ತಿರ ಬಂದು ಅವನು ವಾಡಿಕೆಯಂತೆ ಹಿಂದಿನ ಬಾಗಿಲು ತೆರೆದು, ಪಕ್ಕಕ್ಕೆ ಸರಿದು, ಕೊಂಚ ಬಗ್ಗಿ ನಿಂತ. ಆಚೆ ಬಾಗಿಲಿನಿಂದ ಪ್ರಣತಿ ಆಗಲೇ ಹತ್ತಿದ್ದಳು. ಭಾಮಾ ಸ್ಟೇರಿಂಗ್ ಮುಂದೆ, ನಾನು ಅವಳ ಪಕ್ಕ. ಹತ್ತಲು ಉಳಿದವನು ತಾನೊಬ್ಬನೇ ಎಂದು ಅವನಿಗೆ ಹೊಳೆಯುವವರೆಗೆ ನಾವು ಕಾದೆವು.

ಇಳಂಪಿಳ್ಳೈ ಬಂತು. ಮಗ್ಗಗಳು ಟಕಟಕ ಎಂದವು. ಅವನು ಊರಿನ ಹೆಸರು ಹೇಳಲಿಲ್ಲ. “ಅಂಕಲ್, ಇದು ಏನು ವಾಸನೆ?” ಎಂದು ಪ್ರಣತಿ ಮುಂದೆ ದಾರಿಯಲ್ಲೆಲ್ಲೋ ಕೇಳಿದಳು. “ಗೊತ್ತಿಲ್ಲ ಪಾಪಾ,” ಎಂದ.

ಊರು ಹತ್ತಿರವಾದಾಗ ಒಂದು ರಸ್ತೆಯುಬ್ಬು ಬಂತು. ಭಾಮಾ ಅದನ್ನು ಆಗಲೇ ಕಂಡಿದ್ದಳು. ನನ್ನ ನೆರವು ಅವಳಿಗೆ ಬೇಕಿರಲಿಲ್ಲ. ಆದರೂ ಶುಂಠಿಯ ಖಾರಕ್ಕೋ ಮತ್ತೆ ಯಾತಕ್ಕೋ ನನಗೆ ಕೆಮ್ಮು ಬಂತು, ಒಂದೇ ಒಂದು.

ಹಿಂದಿನ ಸೀಟಿನಲ್ಲಿ ಮಾರಿಯಪ್ಪನ ಬಲಗಾಲು ನೆಲದ ರಬ್ಬರ್ ಹಾಸನ್ನು ಬಲವಾಗಿ ಒತ್ತಿತು. ಉಬ್ಬು ದಾಟುವವರೆಗೂ ಅವನು ಕಾಲು ತೆಗೆಯಲಿಲ್ಲ.