ಇಲಿಮನೆಯ ಚಿಕ್ಕಮ್ಮ

ಇಲಿ ಕಂಡರೆ ಮಂಚ ಹತ್ತುವ ವಂಶ ನಮ್ಮದು. ಹಾಗಾಗಿ ಚಿಕ್ಕಮ್ಮ ಸಂಶೋಧನಾಲಯದ ಇಲಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಎಲ್ಲರೂ ಮೂಗು ಮುರಿದೆವು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪಂಜರ ತೊಳೆದು, ಮರದ ಹೊಟ್ಟು ಬದಲಿಸಿ, ಒಂದೊಂದನ್ನೂ ಮಾತಾಡಿಸಿ ಬರುತ್ತಿದ್ದಳು. ಅವುಗಳ ಬೆನ್ನಿಗೆ ಸೂಜಿ ಚುಚ್ಚುವ ಕೋಣೆಗೆ ಮಾತ್ರ ಕಾಲಿಡುವುದಿಲ್ಲ ಎಂದು ಮೊದಲೇ ಹೇಳಿದ್ದಳು.

ಅಲ್ಲಿನ ಡಾಕ್ಟರಮ್ಮ ಬೆನ್ನುಮೂಳೆಯ ಡಿಸ್ಕ್ ಸವೆಯುವುದಕ್ಕೆ ಮದ್ದು ಹುಡುಕುತ್ತಿದ್ದರು. ಮಂಪರು ಕೊಟ್ಟು ಇಲಿಯ ಡಿಸ್ಕಿಗೆ ಸೂಜಿ ಚುಚ್ಚಿದರೆ ಅದು ಸವೆಯತೊಡಗುತ್ತದೆ. ಆಮೇಲೆ ಅರ್ಧದಷ್ಟು ಇಲಿಗಳಿಗೆ ಮದ್ದು. ನೀರಿನ ಬಾಟಲಿಯನ್ನು ಎತ್ತರಕ್ಕೆ ಸಿಕ್ಕಿಸಿರುತ್ತಾರೆ. ಹಿಂಗಾಲ ಮೇಲೆ ನಿಂತರಷ್ಟೇ ಎಟುಕುತ್ತದೆ; ಬೆನ್ನು ನೋಯುವ ಇಲಿ ಹೆಚ್ಚು ಹೊತ್ತು ನಿಲ್ಲಲಾರದು. ಯಾವ ಇಲಿ ಎಷ್ಟು ಹೊತ್ತು ನಿಂತೀತು ಎಂದು ಡಾಕ್ಟರಮ್ಮ ವಾರಕ್ಕೊಮ್ಮೆ ಬಂದು ನೋಡುತ್ತಿದ್ದರು.

ಮನೆಯಲ್ಲಿ ಚಿಕ್ಕಪ್ಪನದೂ ಅದೇ ಕಾಯಿಲೆ. ಲಾರಿ ಓಡಿಸಿ ಓಡಿಸಿ ಬೆನ್ನು ಹೋಗಿತ್ತು. ಅವರಿಗೆಂದು ಚಿಕ್ಕಮ್ಮ ಲೋಟ, ಟವೆಲು, ಕನ್ನಡಿ ಎಲ್ಲವನ್ನೂ ಸೊಂಟದೆತ್ತರಕ್ಕೆ ಇಳಿಸಿದ್ದಳು. ಆ ಕೈ ಇಲಿಮನೆಯಲ್ಲಿ ಸುಮ್ಮನಿದ್ದೀತೇ? ಯಾರೂ ಇಲ್ಲದಾಗ ಬಾಟಲಿಗಳನ್ನು ಕೆಳಗಿಳಿಸಿ, ಡಾಕ್ಟರಮ್ಮ ಬರುವ ಮುಂಚೆ ಮೇಲೇರಿಸುತ್ತಿದ್ದಳು. ಹೊಟ್ಟೆ ತುಂಬ ನೀರು ಕುಡಿದ ಇಲಿ ಏಕೆ ಎದ್ದು ನಿಲ್ಲಬೇಕು? ಮದ್ದು ಪಡೆದದ್ದೂ ಪಡೆಯದ್ದೂ ಒಂದೇ ಥರ ಮುದುಡಿ ಕೂರುತ್ತಿದ್ದವು.

ಮದ್ದಿನಿಂದ ಏನೂ ಪ್ರಯೋಜನವಿಲ್ಲ, ಇದನ್ನು ಇಲ್ಲಿಗೇ ಕೈಬಿಡೋಣ ಎಂದರು ಡಾಕ್ಟರಮ್ಮ. ಚಿಕ್ಕಮ್ಮನಿಗೆ ಮೊದಲು ಆದದ್ದು ಸಂತೋಷವೇ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಂದು ಇಲಿಗೂ ಸೂಜಿ ತಾಗದು. ಬಾಯಿ ಬಿಟ್ಟರೆ ಪ್ರಯೋಗ ಮೊದಲಿಂದ ಶುರುವಾಗಿ ಹೊಸ ಇಲಿಗಳು ಬರುತ್ತವೆ. ಆದರೆ ಆ ಮದ್ದು ನಿಜಕ್ಕೂ ಒಳ್ಳೆಯದಾಗಿದ್ದರೆ? ಮನೆಗೆ ಬಂದರೆ ಚಿಕ್ಕಪ್ಪ ಕಾಲುಚೀಲ ಹಾಕಿಕೊಳ್ಳಲು ಹೋಗಿ, ಆಗದೆ, ಅದನ್ನು ಕೈಯಲ್ಲೇ ಹಿಡಿದು ಕುಳಿತಿದ್ದರು. ಅವಳಿಗೆ ಅಂದು ಊಟ ಸೇರಲಿಲ್ಲ.

ಮರುದಿನ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ಡಾಕ್ಟರಮ್ಮ ಬೈಯಲಿಲ್ಲ. "ಇಷ್ಟೂ ಇಲಿಗಳ ನೋವು ದಂಡ ಆಯ್ತಲ್ಲಮ್ಮ" ಅಂದರಂತೆ. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಬೈದಿದ್ದರೇ ವಾಸಿಯಿತ್ತು. ಚಿಕ್ಕಮ್ಮ ಮಾತ್ರ ಅವರು ಹೇಳಿದ್ದು ಸರಿ ಎಂದೇ ಇವತ್ತಿಗೂ ಸಾಧಿಸುತ್ತಾಳೆ.

ಹೊಸ ಇಲಿಗಳು ಬಂದವು. ಸೂಜಿ ಚುಚ್ಚುವ ದಿನ ಚಿಕ್ಕಮ್ಮ ಕೈ ತೊಳೆದುಕೊಂಡು, ಕರೆಯದಿದ್ದರೂ ಆ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ಇವು ನನ್ನಿಂದಾಗಿ ಬಂದಿರೋವು ಡಾಕ್ಟರಮ್ಮ," ಅಂದಳು. "ಮಂಪರು ಹತ್ತೋವರೆಗೂ ನಾನೇ ಹಿಡ್ಕೋತೀನಿ."