ಸಾಲ ಸಮೇತ ಎರಡು ಪಾಲು

ಬೇರೆಯಾಗುವುದಕ್ಕೆ ನಾವಿಬ್ಬರೂ ಒಪ್ಪಿದ್ದೆವು. ಒಪ್ಪಿಗೆಯಾಗದೆ ಉಳಿದದ್ದು ಆಸ್ತಿ ಮತ್ತು ಸಾಲದ ಮಾತು. ಅನ್ನಪೂರ್ಣೇಶ್ವರಿ ನಗರದ ಮನೆ, ಉಲ್ಲಾಳದ ಸೈಟು ಎರಡೂ ಇಬ್ಬರ ಹೆಸರಿನಲ್ಲಿದ್ದವು. ಮನೆಯ ಮೇಲೆ ಬ್ಯಾಂಕಿನ ಸಾಲವಿತ್ತು. ನನ್ನ ಗಂಡ ರಾಜಾಜಿನಗರದಲ್ಲಿ ನಡೆಸುತ್ತಿದ್ದ ಎಲೆಕ್ಟ್ರಿಕಲ್ ಅಂಗಡಿಯ ಸಾಲಕ್ಕೂ ನನ್ನ ಸಹಿ ಬಿದ್ದಿತ್ತು.

ಕೋರ್ಟಿನಿಂದ ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸಿದರು. ಅಲ್ಲಿದ್ದ ಹಿರಿಯ ವಕೀಲೆಯ ಮುಂದೆಯೂ ಗಂಡ ಹಳೇ ರಾಗವನ್ನೇ ತೆಗೆದರು.

"ಮನೆ ನಂಗಿರ್ಲಿ ಮೇಡಂ. ಸಾಲ ಇಬ್ರೂ ಅರ್ಧರ್ಧ ತೀರಿಸ್ತೀವಿ."

ಮನೆಯ ಕಂತೆಲ್ಲ ಹೋಗುತ್ತಿದ್ದದ್ದು ನನ್ನ ಟೀಚರ್ ಕೆಲಸದ ಸಂಬಳದಿಂದ. ಅದನ್ನೇ ವಕೀಲೆಗೆ ಹೇಳಿದೆ.

ವಕೀಲೆ ನನ್ನ ಕಡೆ ತಿರುಗಿದರು. "ಸಾಲಾನೂ ಸೇರಿಸಿ ನೀವೇ ಎರಡು ಪಾಲು ಮಾಡ್ಕೊಂಡ್ ಬನ್ನಿ. ಮೊದಲು ಆರಿಸ್ಕೊಳ್ಳೋದು ಅವರು."

"ಆಯ್ತು ಮೇಡಂ" ಎಂದು ಗಂಡ ನಕ್ಕರು.

ಮನೆಗೆ ಬಂದು ಸಿಟ್ಟಿನಲ್ಲಿ ಹಾಳೆಯ ಮೇಲೆ ಮೊದಲ ಸಲ ಹಂಚಿದಾಗ ಒಂದು ಪಾಲು ಬರೀ ಹೊರೆಯಾಗಿತ್ತು. ಅದು ನನಗೇ ಬಂದರೆ? ಅಳಿಸಿ ಮತ್ತೆ ಹಂಚಿದೆ. ಯಾವುದು ಬಂದರೂ ಬಾಳುತ್ತೇನೆ ಅನ್ನಿಸುವವರೆಗೆ ಬಿಡಲಿಲ್ಲ.

ಮುಂದಿನ ಸಲ ಹೋದಾಗ ಹೇಳಿದೆ: "ಒಂದು ಪಾಲಿಗೆ ಮನೆ, ಅದರ ಪೂರ್ತಿ ಸಾಲ. ಇನ್ನೊಂದಕ್ಕೆ ಸೈಟು, ಅಂಗಡಿ, ಅಂಗಡಿ ಸಾಲ. ಸೈಟು ಮಾರಿದ್ರೆ ಆ ಸಾಲ ತೀರಿ ಕೈಲಿ ಒಂದಿಷ್ಟು ಉಳಿಯತ್ತೆ. ಯಾವ್ದು ಬೇಕೋ ತಗೊಳ್ಳಿ."

"ನಾನು ಮನೆ ತಗೊಂಡ್ರೆ ಅಂಗಡಿ ಯಾರು ನೋಡ್ತಾರೆ?"

"ನಾನು ನೋಡ್ಕೋತೀನಿ. ಕಲಿಯೋಕೆ ಎಷ್ಟೊತ್ತು?"

ನಾನು ತಮಾಷೆ ಮಾಡುತ್ತಿರಲಿಲ್ಲ. ಅದು ಅವರಿಗೂ ಗೊತ್ತಾಯಿತು. ನನ್ನ ಹಾಳೆ ಎಳೆದುಕೊಂಡು ಎರಡೂ ಪಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ, "ಸೈಟು, ಅಂಗಡಿ ನಂಗೆ" ಅಂದರು.

ಅವರು ಸೈಟು ಮಾರಿ ಅಂಗಡಿಯ ಸಾಲ ತೀರಿಸಿದರು. ಬ್ಯಾಂಕಿನವರು ನನ್ನ ಸಂಬಳ ನೋಡಿ ಮನೆಯ ಸಾಲವನ್ನು ನನ್ನೊಬ್ಬಳ ಹೆಸರಿಗೆ ಮಾಡಿದರು. ಅವರು ಮನೆಯ ಮೇಲಿನ ಹಕ್ಕು ಬಿಟ್ಟುಕೊಟ್ಟದ್ದು ರಿಜಿಸ್ಟರ್ ಆದ ದಿನ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ, "ಮೋಸ ಮಾಡ್ಲಿಲ್ಲ ನೀನು" ಅಂದರು. ಅಷ್ಟು ವರ್ಷದಲ್ಲಿ ಅವರಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು.

ಡೈವೋರ್ಸಿನ ಆದೇಶ ಕೈಗೆ ಬಂದ ವಾರದ ಭಾನುವಾರ ಬಾಗಿಲಿಗೆ ತೋರಣ ಕಟ್ಟಿ, ಶಾಲೆಯವರನ್ನೆಲ್ಲ ಊಟಕ್ಕೆ ಕರೆದು ಒಲೆಯ ಮೇಲೆ ಹಾಲಿಟ್ಟೆ.

"ಡೈವೋರ್ಸ್ ಆದ್ಮೇಲೆ ಯಾರಾದ್ರೂ ಗೃಹಪ್ರವೇಶ ಮಾಡ್ತಾರೇನೇ?" ಅಮ್ಮ ಗದರಿದಳು.

"ನಾನು ಮಾಡ್ತೀನಿ ಕಣಮ್ಮ."

ಹಾಲು ಪಾತ್ರೆಯ ಸುತ್ತಲೂ ಉಕ್ಕಿ ಸುರಿಯಿತು. ನಾನಾಗಲಿ ಅಮ್ಮನಾಗಲಿ ಒಲೆ ಆರಿಸಲು ಹೋಗಲಿಲ್ಲ.