ಅತ್ತೆಯ ಖಾತೆ ಸೇರಿದ ನನ್ನ ಕಾಯಿಲೆ

ಮೊದಲು ಕೈಕೊಟ್ಟದ್ದು ಎಡಗೈ ಹೆಬ್ಬೆರಳು.

ಹುಲ್ಲಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಟೈಲರಿಂಗ್ ಅಂಗಡಿ. ಮದುವೆ ಸೀಸನ್ ಜೋರಾಗಿತ್ತು. ಒಂದು ರೇಷ್ಮೆ ರವಿಕೆಯ ತೋಳಿಗೆ ಪೈಪಿಂಗ್ ಕೂರಿಸುತ್ತಿದ್ದೆ. ಬಟ್ಟೆ ಹಿಡಿದಿದ್ದ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಅದುರತೊಡಗಿತು. ನಿಲ್ಲಿಸಲು ನೋಡಿದೆ. ನಿಲ್ಲಲಿಲ್ಲ. ನಡುಕ ಮಣಿಕಟ್ಟಿಗೆ ಬಂತು, ಮೊಣಕೈಗೆ ಬಂತು, ಆಮೇಲಿನದು ನನಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಯಾರೋ ಅಂಗಡಿಯ ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿ ಹಿಡಿಸಿದ್ದರು. ಇನ್ಯಾರೋ ಮೂಗಿಗೆ ಜಜ್ಜಿದ ಈರುಳ್ಳಿ ಹಿಡಿದಿದ್ದರು. ಇಡೀ ಬೀದಿ ಬಾಗಿಲಲ್ಲಿ ನಿಂತಿತ್ತು. ನಾನು ಮೊದಲು ಕೇಳಿದ್ದು, ರವಿಕೆಗೆ ರಕ್ತ ಆಯಿತಾ ಎಂದಂತೆ. ನನಗೆ ನೆನಪಿಲ್ಲ, ಆದರೆ ನಂಬುತ್ತೇನೆ.

ಫಿಟ್ಸ್.

ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಹಾಗೆಂದರು. ಮೈಸೂರಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದರು. ಮಿದುಳಿನಲ್ಲಿ ಯಾವುದೋ ಹಳೆಯ ಸೋಂಕಿನ ಒಣಗಿದ ಕಲೆಯೊಂದಿದೆ, ಹೆದರುವುದು ಬೇಡ, ಮಾತ್ರೆ ತಪ್ಪಿಸಬೇಡಿ ಎಂದರು. ಮಾತ್ರೆಯ ಹೆಸರು ಫೆನಿಟಾಯಿನ್. ಆಗ ಆ ಹೆಸರು ನನಗೆ ಬಾಯಿಗೇ ಬರುತ್ತಿರಲಿಲ್ಲ. ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಅದೇ ದಿನ ಕೌಂಟರಿನಲ್ಲಿ ಡಿಜಿಟಲ್ ಹೆಲ್ತ್ ಕಾರ್ಡ್ ಮಾಡಿಕೊಟ್ಟರು. ಇನ್ನು ಯಾವ ಆಸ್ಪತ್ರೆಗೆ ಹೋದರೂ ನಿಮ್ಮ ರಿಪೋರ್ಟು ಅಲ್ಲೇ ಕಾಣುತ್ತದೆ, ಪೇಪರ್ ಹೊತ್ತು ತಿರುಗುವುದು ಬೇಡ ಎಂದರು. ಒಟಿಪಿ ಬರಬೇಕಲ್ಲ, ಗಂಡನ ಫೋನ್ ನಂಬರ್ ಕೊಟ್ಟೆವು. ನಮ್ಮ ಅತ್ತೆಗೆ ಶುಗರ್. ಅವರ ಕಾರ್ಡು ಮೊದಲೇ ಅದೇ ನಂಬರಿನಲ್ಲಿ ಆಗಿತ್ತು. ನನ್ನ ಕಾರ್ಡಿನ ಮೇಲೆ ಸುಧಾ ಎಂದು ಬಂತು, ಆಧಾರ್‌ನಲ್ಲಿ ಇದ್ದ ಹಾಗೆ.

ನನ್ನ ಹೆಸರು ಸುಧಾ ಅಲ್ಲ.

ನಾನು ತಿ. ನರಸೀಪುರ ತಾಲ್ಲೂಕಿನ ಮೂಗೂರಿನವಳು. ಅಪ್ಪ ಅವ್ವ ಇಟ್ಟ ಹೆಸರು ಮಹದೇವಮ್ಮ, ಊರವರ ಬಾಯಲ್ಲಿ ಮಾದೇವಮ್ಮ. ಮದುವೆಯಾಗಿ ಹುಲ್ಲಹಳ್ಳಿಗೆ ಬಂದರೆ ಅತ್ತೆಯ ಹೆಸರೂ ಅದೇ. ಸೊಸೆಗೆ ಅತ್ತೆಯ ಹೆಸರೇ ಇದ್ದರೆ ನಮ್ಮಲ್ಲಿ ಆ ಹೆಸರು ಹಿಡಿದು ಕೂಗುವುದಿಲ್ಲ. ಸೊಸೆಯನ್ನು ಬೈದರೆ ಅತ್ತೆಯನ್ನು ಬೈದಂತಾಗುತ್ತದೆ ಎಂಬ ಭಯ. ಮನೆ ತುಂಬಿಸಿಕೊಂಡ ದಿನವೇ ನಾನು ಸುಧಾ ಆದೆ. ಆ ಹೆಸರನ್ನು ಆರಿಸಿದ್ದು ಯಾರೋ ಇವತ್ತಿಗೂ ತಿಳಿಯದು. ನನ್ನನ್ನಂತೂ ಯಾರೂ ಕೇಳಲಿಲ್ಲ. ರೇಷನ್ ಕಾರ್ಡು, ಆಧಾರ್, ಎಲ್ಲವೂ ಸುಧಾ ಎಂದೇ ಆದವು. ಹೆಸರಿನಲ್ಲೇನಿದೆ, ಹೊಟ್ಟೆಗೆ ಹಿಟ್ಟು ಸಿಕ್ಕರೆ ಸಾಕು ಎಂದುಕೊಂಡು ಸುಮ್ಮನಿದ್ದೆ.

ನಾನು ಚೇತರಿಸಿಕೊಳ್ಳುವ ಮೊದಲೇ ಊರಲ್ಲಿ ಸುದ್ದಿ ಹಬ್ಬಿತು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಒಬ್ಬೊಬ್ಬರೇ ವಾಪಸ್ ಇಸಿದುಕೊಂಡು ಹೋದರು. ನನ್ನ ಕೈ ಮುಟ್ಟಿದ ಬಟ್ಟೆ ತೊಟ್ಟರೆ ಫಿಟ್ಸ್ ಬರುತ್ತದೆಯೋ ಏನೋ. ಅತ್ತೆ ಒಂದು ದಿನ ಅಡುಗೆ ಮನೆಯಲ್ಲಿ ಮೆಲ್ಲಗೆ ಹೇಳಿದರು.

"ಯಾರಾರ ಕೇಳುದ್ರೆ ಫಿಟ್ಸ್ ಅನ್ಬೇಡ ಕಣವ್ವ. ತಲೆ ಸುತ್ತು ಅನ್ನು. ಮನೆ ಮರ್ಯಾದೆ ಐತೆ."

"ತಲೆ ಸುತ್ತಿದ್ರೆ ತಲೆ ಸುತ್ತು ಅಂತಿದ್ದೆ ಅತ್ತೆ. ಬಂದಿರೋದು ಫಿಟ್ಸು" ಎಂದೆ.

ಅತ್ತೆ ಎರಡು ದಿನ ಮಾತು ಬಿಟ್ಟರು. ನಾನು ಮೆಷಿನ್ನಿನ ಮೋಟಾರ್ ಬಿಚ್ಚಿಸಿದೆ. ಮೊದಲಿನಂತೆ ಕಾಲಲ್ಲಿ ತುಳಿಯುವ ಹಾಗೆ ಮಾಡಿಕೊಂಡೆ. ಕಾಲು ನಿಂತರೆ ಸೂಜಿಯೂ ನಿಲ್ಲುತ್ತದೆ, ಬೆರಳಿಗೆ ಅಪಾಯವಿಲ್ಲ. ಅಂಗಡಿಯ ಬಾಗಿಲನ್ನು ಮೊದಲಿನ ಹೊತ್ತಿಗೇ ತೆಗೆದೆ. ಬರುವವರು ಬರಲಿ, ಬಿಡುವವರು ಬಿಡಲಿ.

ಆದರೆ ಮೈ ನನ್ನ ಮಾತು ಕೇಳಲಿಲ್ಲ. ಸುಸ್ತೋ ಸುಸ್ತು. ಸ್ವಲ್ಪ ದಿನ ಸುಧಾರಿಸಿಕೊಂಡು ಬಾ ಎಂದು ಅಣ್ಣ ಬಂದು ಮೂಗೂರಿಗೆ ಕರೆದುಕೊಂಡು ಹೋದ. ಅಲ್ಲಿ ಜ್ವರ ಶುರುವಾಯಿತು. ಎದೆಯ ಮೇಲೆ ಕೆಂಪು ಗಂಧೆ. ಸೆಕೆ ಗುಳ್ಳೆ ಎಂದುಕೊಂಡೆವು. ಬೆಳಿಗ್ಗೆ ತುಟಿ ಒಡೆದಿತ್ತು, ಬಾಯೊಳಗೆ ಹುಣ್ಣು, ಕಣ್ಣು ಬಿಡಲು ಆಗುತ್ತಿರಲಿಲ್ಲ. ಬೆನ್ನಿನ ಚರ್ಮ ಸೀರೆಗೆ ಅಂಟಿಕೊಂಡು ಬರುತ್ತಿತ್ತು.

ಅಣ್ಣ ತಿ. ನರಸೀಪುರದ ಒಂದು ಆಸ್ಪತ್ರೆಗೆ ಎತ್ತಿಕೊಂಡು ಓಡಿದ. ಅಲ್ಲಿನ ಡಾಕ್ಟರು ನೋಡಿದ ತಕ್ಷಣ, ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಕೇಳಿದರು. ಅಣ್ಣ ಜೇಬಿನಿಂದ ಸ್ಟ್ರಿಪ್ ತೆಗೆದು ತೋರಿಸಿದ. ಡಾಕ್ಟರು ಅದನ್ನು ಕಸದ ಡಬ್ಬಿಗೆ ಹಾಕಿ ಆಂಬ್ಯುಲೆನ್ಸ್ ಕರೆಸಿದರು. ಮೈಸೂರಿನಲ್ಲಿ ಸುಟ್ಟ ಗಾಯದವರನ್ನು ನೋಡಿಕೊಳ್ಳುವಂತೆ ನನ್ನನ್ನು ನೋಡಿಕೊಂಡರು. ನೀರು ಗುಟುಕರಿಸುವುದೂ ಒಂದು ಯುದ್ಧ. ಬದುಕಿದೆ. ಬೇರೆ ಮಾತ್ರೆಗೆ ಬದಲಾಯಿಸಿದರು.

ಬಿಡುಗಡೆಯಾದ ಮೇಲೆ ತಿ. ನರಸೀಪುರದ ಡಾಕ್ಟರನ್ನು ಕಾಣಲು ಹೋದೆವು. ಅವರು ಎದುರಿನ ಕುರ್ಚಿಯಲ್ಲಿ ಕೂರಿಸಿ ಹೇಳಿದರು.

"ನೋಡಮ್ಮ, ಫೆನಿಟಾಯಿನ್ ನಿಮ್ಮ ಮೈಗೆ ವಿಷ. ಇನ್ನೊಂದು ಸಲ ಒಳಗೆ ಹೋದ್ರೆ ಉಳಿಸೋದು ಕಷ್ಟ. ಕಂಪ್ಯೂಟರ್‌ನಲ್ಲಿ ಕೆಂಪಕ್ಷರದಲ್ಲಿ ಹಾಕಿದೀನಿ. ಎಲ್ಲೇ ಹೋದ್ರೂ ಡಾಕ್ಟರಿಗೆ ಕಾಣ್ಸುತ್ತೆ."

ನನಗೆ ಜೀವ ಬಂದ ಹಾಗಾಯಿತು. ಕಾಗದ ಕಳೆಯಬಹುದು, ಫಿಟ್ಸ್ ಬಂದಾಗ ನನ್ನ ಬಾಯಿ ಕಟ್ಟಬಹುದು, ಕಂಪ್ಯೂಟರ್ ಹೇಳುತ್ತದಲ್ಲ. ಡಿಸ್ಚಾರ್ಜ್ ಕಾಗದಗಳನ್ನು ಅಣ್ಣನ ಮನೆಯ ಬೀರುವಿನಲ್ಲೇ ಬಿಟ್ಟು ಹುಲ್ಲಹಳ್ಳಿಗೆ ಬಂದೆ.

ಆದರೆ ಅಣ್ಣ ತಿ. ನರಸೀಪುರದಲ್ಲಿ ನನ್ನ ಹೆಸರು ಬರೆಸಿದ್ದು ಮಹದೇವಮ್ಮ ಎಂದು. ಅವನಿಗೆ ನಾನು ಎಂದೂ ಸುಧಾ ಅಲ್ಲ. ಫೋನ್ ನಂಬರ್ ಕೇಳಿದಾಗ ನನ್ನ ಗಂಡನದ್ದು ಕೊಟ್ಟಿದ್ದ. ಆ ನಂಬರಿನಲ್ಲಿ ಮಹದೇವಮ್ಮ ಎಂಬ ಕಾರ್ಡೊಂದು ಸಿಕ್ಕಿತು. ವಯಸ್ಸು ಯಾರೂ ನೋಡಲಿಲ್ಲ. ನನ್ನ ಕಾಯಿಲೆ, ನನ್ನ ಗಂಧೆ, ನನ್ನ ಕೆಂಪಕ್ಷರ, ಎಲ್ಲ ಹೋಗಿ ಅತ್ತೆಯ ಖಾತೆಯಲ್ಲಿ ಕೂತವು.

ಇದು ನಮಗೆ ತಿಳಿಯುವ ಅವಕಾಶ ಒಂದು ಬಂದಿತ್ತು. ಅತ್ತೆ ಶುಗರ್ ಮಾತ್ರೆಗೆಂದು ಆಸ್ಪತ್ರೆಗೆ ಹೋದವರು ಧುಮುಗುಟ್ಟುತ್ತ ಬಂದರು.

"ಆ ನರ್ಸವ್ವ ನಂಗೆ ಫಿಟ್ಸ್ ಬತ್ತದಂತೆ ಕಣೋ. ಅದ್ಯಾವ್ದೋ ಮಾತ್ರೆ ಆಗಲ್ವಂತೆ. ಕೆಂಪಗೆ ಬರ್ದವ್ರೆ ಅಂತಾಳೆ. ನಂಗ್ಯಾಕ್ ಬತ್ತದೆ ಫಿಟ್ಸು? ಸೊಸೆಗೆ ಬಂದ್ರೆ ಅತ್ತೆಗೂ ಬರ್ಬೇಕಾ?"

ಗಂಡ ನಕ್ಕರು. ಅದು ನನ್ನದೇ ಕೆಂಪಕ್ಷರ ಎಂದು ಹೊಳೆಯದೆ, ಯಾರೋ ಏನೋ ಎಡವಟ್ಟು ಮಾಡಿದ್ದಾರೆ ಎಂದು ನಾನೂ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ, ಆ ಅವಮಾನವನ್ನು ಮನಸ್ಸಿನಲ್ಲೇ ಇಟ್ಟುಕೊಂಡರು. ಹಾಗೆ ಇಟ್ಟುಕೊಂಡದ್ದೇ ನನ್ನ ಪುಣ್ಯ.

ಮಳೆಗಾಲದಲ್ಲಿ ನನಗೆ ವೈರಲ್ ಜ್ವರ ಬಂತು. ಜ್ವರ ಏರಿದ್ದೇ ಹೆಬ್ಬೆರಳು ಅದುರಿತು. ಇಲ್ಲಿಂದ ಮುಂದಿನದು ನನ್ನ ನೆನಪಲ್ಲ. ಗಂಡ, ಅತ್ತೆ ಇಬ್ಬರೂ ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಒಂದರ ಹಿಂದೆ ಒಂದು ಫಿಟ್ಸ್. ಆಟೋದಲ್ಲಿ ಹಾಕಿಕೊಂಡು ನಂಜನಗೂಡಿನ ಆಸ್ಪತ್ರೆಗೆ ತಂದರು. ಗಾಬರಿಯಲ್ಲಿ ನನ್ನ ಈಗಿನ ಮಾತ್ರೆಯ ಸ್ಟ್ರಿಪ್ಪನ್ನು ತರಲಿಲ್ಲ. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಂಡ ಫೋನ್ ಮುಂದೆ ಹಿಡಿದರು. ಆಕೆ ಸುಧಾ ಎಂಬ ಕಾರ್ಡು ತೆಗೆದು ನೋಡಿದರು. ಫಿಟ್ಸ್, ಫೆನಿಟಾಯಿನ್. ಅಷ್ಟೇ ಇತ್ತು.

"ಫೆನಿಟಾಯಿನ್ ಮೇಲಿದಾರೆ. ಅದನ್ನೇ ಡ್ರಿಪ್‌ನಲ್ಲಿ ಕೊಡೋಣ" ಎಂದು ನರ್ಸಿಗೆ ಹೇಳಿದರು.

"ಮೇಡಂ, ಯಾವ್ದೋ ಮಾತ್ರೆ ಆಗ್ದೆ ಬದ್ಲಾಯಿಸವ್ರೆ. ಹೆಸ್ರು ಗೊತ್ತಿಲ್ಲ. ಎಲ್ಲಾ ಫೋನಲ್ಲೇ ಐತೆ, ನೋಡಿ" ಎಂದರು ಗಂಡ.

"ಇದ್ರಲ್ಲಿ ಅಲರ್ಜಿ ಅಂತ ಏನೂ ಇಲ್ವಲ್ಲ."

ನರ್ಸ್ ಬಾಟಲಿಗೆ ಔಷಧಿ ಸೇರಿಸಿ ನನ್ನ ಕೈಯ ನರ ಹುಡುಕುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿದ್ದ ಅತ್ತೆ ಒಳಗೆ ಬಂದು ನರ್ಸಿನ ಕೈ ಹಿಡಿದರಂತೆ.

"ತಡಿಯವ್ವ. ಡಾಕ್ಟ್ರಮ್ಮ, ನಂದು ತೆಗ್ದು ನೋಡು."

"ನಿಮ್ಮದು ಯಾಕೆ ಅಜ್ಜಿ?"

"ಅದ್ರಲ್ಲೈತೆ ಕಣವ್ವ. ನಂಗೆ ಫಿಟ್ಸಂತೆ, ಮಾತ್ರೆ ಆಗಲ್ವಂತೆ, ಕೆಂಪಗೆ ಬರ್ದವ್ರೆ. ನಂಗೆ ಯಾವ ಕಾಯ್ಲೆನೂ ಇಲ್ಲ, ಶುಗರ್ ಬಿಟ್ರೆ. ಅದು ಇವಳ್ದು. ಇವಳೂ ಮಾದೇವಮ್ಮನೇ."

ಡಾಕ್ಟರ್ ಆ ಕಾರ್ಡು ತೆಗೆದರು. ನೋಡಿದರು. ಬಾಟಲಿಯನ್ನು ತಾವೇ ಕೊಕ್ಕೆಯಿಂದ ಇಳಿಸಿದರು.

ಮದುವೆಯಾದಂದಿನಿಂದ ಅತ್ತೆ ನನ್ನನ್ನು ಆ ಹೆಸರಿನಿಂದ ಕರೆದದ್ದು ಅದೇ ಮೊದಲು. ನನಗೆ ಕೇಳಿಸಲಿಲ್ಲ.

ಗುಣವಾಗಿ ಅಂಗಡಿ ತೆರೆದ ಮೇಲೆ ಒಬ್ಬ ಹೆಣ್ಣುಮಗಳು ಟ್ಯಾಬ್ ಹಿಡಿದು ಬಂದಳು. ಆಸ್ಪತ್ರೆಗಳು ದಾಖಲೆ ಹಂಚಿಕೊಳ್ಳುವುದರಿಂದ ರೋಗಿಗಳ ಆರೈಕೆ ಎಷ್ಟು ಸುಧಾರಿಸಿದೆ ಎಂದು ಅಳೆಯುವ ಸರ್ವೆ ಅಂತೆ. ಸ್ಟೂಲ್ ಕೊಟ್ಟು ಕೂರಿಸಿದೆ.

"ಡಿಜಿಟಲ್ ರೆಕಾರ್ಡ್‌ನಿಂದ ನಿಮಗೆ ಅನುಕೂಲ ಆಗಿದೆಯಾ ಮೇಡಂ? ತುಂಬಾ ಆಗಿದೆ, ಸ್ವಲ್ಪ ಆಗಿದೆ, ಆಗಿಲ್ಲ. ಯಾವುದು ಹಾಕಲಿ?"

"ಅದ್ರಿಂದ ಸಾಯ್ತಿದ್ದೆ. ಅದ್ರಿಂದಲೇ ಬದುಕಿದೆ. ಯಾವ್ದುಕ್ಕೆ ಹಾಕ್ತೀಯ ಹಾಕವ್ವ" ಎಂದೆ.

ಅವಳು ಟ್ಯಾಬ್ ಕೆಳಗಿಟ್ಟಳು. ನಡೆದದ್ದನ್ನೆಲ್ಲ ಹೇಳಿದೆ. ಪಕ್ಕದಲ್ಲಿ ಗಿರಾಕಿಗಳು ತಂದುಕೊಟ್ಟ ಅಳತೆ ರವಿಕೆಗಳ ರಾಶಿ ಇತ್ತು, ಅದನ್ನು ತೋರಿಸಿದೆ. ಅಳತೆ ರವಿಕೆ ಇದ್ದರೆ ನನಗೆ ಬಲು ಸಲೀಸು, ಗಿರಾಕಿ ಬರುವುದೇ ಬೇಡ. ಆದರೆ ಮಗಳ ರವಿಕೆ ಹೊಲಿಯಲು ಅವ್ವನ ಅಳತೆ ಬಂದರೆ ನಾನು ಎಷ್ಟು ಚೆನ್ನಾಗಿ ಹೊಲಿದರೇನು? ಬಂದ ಅಳತೆ ಯಾರ ಮೈಯದು ಎಂದು ಮೊದಲು ಕೇಳಬೇಕು. ರಿಪೋರ್ಟು ಬೇಗ ಸಿಕ್ಕಿತಾ, ಕ್ಯೂ ತಪ್ಪಿತಾ ಎಂದು ಕೇಳುವುದು ಆಮೇಲೆ.

"ಹಂಗಾದ್ರೆ ಏನಂತ ಕೇಳ್ಬೇಕು ಮೇಡಂ ನಾವು?"

ಅವಳು ನಿಜವಾಗಿಯೇ ಕೇಳಿದಳು. ನನಗೆ ಅವಳ ಮೇಲಿದ್ದ ಸಿಟ್ಟು ಇಳಿಯಿತು.

"ನೀವು ಬಾಯಿ ಬಿಡೋಕಾಗ್ದೆ ಮಲಗಿದ್ದಾಗ, ಅದು ನಿಮ್ಮ ಪರವಾಗಿ ನಿಜ ಹೇಳ್ತಾ? ಅಂತ ಕೇಳು. ಅಷ್ಟು ಕೇಳಿದ್ರೆ ಸಾಕು."

ಇತರೆ ಎಂಬ ಜಾಗದಲ್ಲಿ ಅವಳು ಅದನ್ನು ನನ್ನ ಮಾತಿನಲ್ಲೇ ಬರೆದುಕೊಂಡಳು. ಯಾರು ಓದುತ್ತಾರೋ ಗೊತ್ತಿಲ್ಲ.

ಇನ್ನು ಉಳಿದದ್ದು ನನ್ನ ಕೆಲಸ. ಗಂಡ ಸುಲಭದ ದಾರಿ ತೋರಿಸಿದರು.

"ಆ ರಿಪೋರ್ಟ್‌ಗೆ ಸುಧಾ ಅಂತ ಮಾಡ್ಸಿದ್ರೆ ಮುಗೀತು. ಆಧಾರ್ ಎಲ್ಲಾ ಯಾಕೆ ಬದ್ಲಾಯಿಸ್ಬೇಕು?"

"ಮುಗಿಯುತ್ತೆ. ಆದ್ರೆ ನಾನು ಮಾಡ್ಸಲ್ಲ" ಎಂದೆ.

"ಒಂದೇ ಮನೇಲಿ ಒಂದೇ ಹೆಸ್ರು ಇಬ್ರಿಗಾ?"

"ಬೇಕಾದ್ರೆ ಈಗ ನಿಮ್ಮ ಅವ್ವನ ಹೆಸ್ರು ಬದ್ಲಾಯಿಸಿ."

ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆ, "ಮಾಡ್ಸ್ಕೊಳ್ಳಿ ಬಿಡೋ. ಅವಳ ಹೆಸ್ರು ಅವಳ್ಗೆ" ಎಂದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಸೋತು ಅತ್ತದ್ದಲ್ಲ ಅದು.

ಮೂಗೂರಿನ ಶಾಲೆಗೆ ಹೋಗಿ ಮಹದೇವಮ್ಮ ಎಂದಿರುವ ಟಿ.ಸಿ. ತೆಗೆಸಿದೆ. ಆಧಾರ್ ತಿದ್ದಿಸಿದೆ. ನನ್ನದೇ ಫೋನು, ನನ್ನದೇ ನಂಬರು ಮಾಡಿಕೊಂಡೆ. ತಿ. ನರಸೀಪುರದ ಆಸ್ಪತ್ರೆಗೂ ನಂಜನಗೂಡಿನ ಆಸ್ಪತ್ರೆಗೂ ಬಸ್ಸಿನಲ್ಲಿ ಓಡಾಡಿದೆ. ಇಂದು ಬಾ ನಾಳೆ ಬಾ ಎಂದರು, ಸರ್ವರ್ ಇಲ್ಲ ಎಂದರು. ಹೊಲಿಗೆ ಕೆಲಸ ಜೊತೆಗೆ ಒಯ್ದು ಅವರ ಬೆಂಚಿನ ಮೇಲೆಯೇ ಹೆಮ್ಮಿಂಗ್ ಹಾಕುತ್ತ ಕೂತೆ. ನನ್ನನ್ನು ನೋಡಿ ನೋಡಿ ಬೇಸತ್ತು ಮಾಡಿಕೊಟ್ಟರು. ಅತ್ತೆಯ ಖಾತೆಯಿಂದ ನನ್ನ ಕಾಯಿಲೆ ಇಳಿದು ನನ್ನ ಹೆಸರಿಗೆ ಬಂತು.

ಅದಾದ ಮೇಲೆ ಮೈಸೂರಿನಲ್ಲಿ ಹೊಸ ಡಾಕ್ಟರೊಬ್ಬರ ಮುಂದೆ ಕೂತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಸ್ಕ್ರೀನ್ ನೋಡಿ, "ಮಹದೇವಮ್ಮ, ನಿಮಗೆ ಫೆನಿಟಾಯಿನ್ ಕೊಡೋ ಹಾಗಿಲ್ಲ ಅಲ್ವಾ" ಎಂದರು. ನನಗೆ ಖುಷಿಯಾಯಿತು. ಆ ಯಂತ್ರಕ್ಕೆ ಸಲ್ಲಬೇಕಾದದ್ದು ಸಲ್ಲಲಿ. ಆದರೂ ಫೆನಿಟಾಯಿನ್ ಆಗದು ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿಯೊಂದನ್ನು ರವಿಕೆಯ ಒಳಜೇಬಿಗೆ ಹಾಕಿ ಹೊಲಿದುಕೊಂಡಿದ್ದೇನೆ. ಪೂರ್ತಿ ನಂಬುವ ಕಾಲ ನನಗಿನ್ನೂ ಬಂದಿಲ್ಲ.

ಮೊನ್ನೆ ಅತ್ತೆ ನಾನು ಇಬ್ಬರೂ ನಂಜನಗೂಡಿನ ಆಸ್ಪತ್ರೆಯಲ್ಲಿದ್ದೆವು. ಅವರಿಗೆ ಶುಗರ್ ಟೆಸ್ಟ್, ನನಗೆ ತಿಂಗಳ ಮಾತ್ರೆ. ಬೆಂಚುಗಳ ತುಂಬ ಜನ, ಹುಲ್ಲಹಳ್ಳಿಯವರೂ ಇದ್ದರು. ಕೌಂಟರಿನವನು ಮಹದೇವಮ್ಮ ಎಂದು ಕೂಗಿದ. ಇಬ್ಬರೂ ಎದ್ದೆವು.

"ಯಾವ ಮಹದೇವಮ್ಮ?"

ಅತ್ತೆ ಸೆರಗು ಸರಿಮಾಡಿಕೊಂಡು, ಮೂಲೆಯ ಬೆಂಚಿಗೂ ಕೇಳುವಂತೆ ಹೇಳಿದರು.

"ಶುಗರ್ ಮಾದೇವಮ್ಮ ನಾನು. ಫಿಟ್ಸ್ ಮಾದೇವಮ್ಮ ನಮ್ ಸೊಸೆ. ನಿಂಗ್ ಯಾರ್ ಬೇಕಪ್ಪ?"

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನೋಡಲಿ ಎಂದುಕೊಂಡೆ.

"ಫಿಟ್ಸ್‌ನೋರು" ಎಂದ ಅವನು.

"ನಾನೇ" ಎಂದು ಎಡಗೈ ಎತ್ತಿದೆ. ಹೆಬ್ಬೆರಳು ಅದುರಲಿಲ್ಲ.